ಈ ಸಲ ರಾತ್ರಿ ಹತ್ತಕ್ಕೆ ಬರ್ತಾರಂತೆ

"ಅಮ್ಮ, ಶನಿವಾರ ರಾತ್ರಿ ಹತ್ತರೊಳಗೆ ಮನೆಯಲ್ಲಿರ್ತೀವಿ. ಊಟಕ್ಕೆ ಕಾಯ್ಬೇಡ. ನೀನು ಮಲಗಿರು."

ಭಾವ ಸಿಯಾಟಲ್‌ನಿಂದ ಫೋನಿನಲ್ಲಿ ಹೀಗಂದಾಗ ಅತ್ತೆ "ಹೂಂ, ಆಯ್ತು" ಅಂದರು. ಫೋನನ್ನು ನನ್ನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಜಗಲಿಯಲ್ಲೇ ಕೂತರು. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು. "ಎಷ್ಟು ಗಂಟೆಗೆ ಅಂದ? ರಾತ್ರಿ ಹತ್ತಕ್ಕಾ?"

ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಕೇಳಿದ್ದನ್ನು ನಂಬುವುದಕ್ಕೆ ಆಗಿರಲಿಲ್ಲ, ಅಷ್ಟೇ. ಅವರು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಹೊಳೆ ದಾಟಿ ರಾತ್ರಿ ಹತ್ತು ಗಂಟೆಗೆ ಯಾರೂ ಬಾಗಿಲಿಗೆ ಬಂದದ್ದಿಲ್ಲ.

ನಮ್ಮದು ಸಾಗರ ತಾಲ್ಲೂಕು, ತುಮರಿ ಕಡೆಯ ಊರು. ಶರಾವತಿ ಹಿನ್ನೀರಿನ ಆಚೆ ದಡ. ಪೇಟೆಯವರಿಗೆ ನಾವು ಆಚೆ ದಡದವರು, ನಮಗೆ ಅವರು ಆಚೆ ದಡದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮಗೂ ಸಾಗರಕ್ಕೂ ನಡುವೆ ಉಳಿದದ್ದು ಹೊಳೆಬಾಗಿಲು, ಜನರನ್ನೂ ವಾಹನಗಳನ್ನೂ ನೀರು ದಾಟಿಸುವ ಲಾಂಚಿನ ಕಟ್ಟೆ. ಲಾಂಚ್ ಬರಬೇಕು, ಲಾಂಚ್ ಹತ್ತಬೇಕು. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಆವತ್ತಿನ ಲೆಕ್ಕ ಮುಗಿಯಿತು. ತಪ್ಪಿಸಿಕೊಂಡವರು ಸಾಗರದಲ್ಲಿ ಯಾರದೋ ಮನೆಯಲ್ಲಿ ಮಲಗಿ ಬೆಳಗ್ಗೆ ಬರಬೇಕು. ಇಲ್ಲ ಅಂದರೆ ಕಾರ್ಗಲ್ ಮೇಲೆ ಕಾಡುದಾರಿಯಲ್ಲಿ ಸುತ್ತಿಕೊಂಡು ಬರಬೇಕು.

ಈ ವರ್ಷ, 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. 2018ರಲ್ಲಿ ಶಂಕುಸ್ಥಾಪನೆ ಆದದ್ದು. ಏಳು ವರ್ಷ ಆ ಕಂಬಗಳು ಒಂದೊಂದಾಗಿ ನೀರಿನಿಂದ ಮೇಲೇಳುವುದನ್ನು ಲಾಂಚಿನಲ್ಲಿ ನಿಂತುಕೊಂಡೇ ನೋಡಿದ್ದೇವೆ. ಈಗ ಕಾರಿನಲ್ಲಿ ಕೂತು ನಾಲ್ಕು ಮಾತಾಡುವುದರೊಳಗೆ ಈಚೆ ದಡ ಬಂದುಬಿಡುತ್ತದೆ.

ಹಾಗಾಗಿ ಇದು ಸೇತುವೆ ಆದ ಮೇಲೆ ಬರುತ್ತಿರುವ ಮೊದಲ ದೊಡ್ಡಹಬ್ಬ. ನಮ್ಮ ಕಡೆ ದೀಪಾವಳಿಯನ್ನು ದೊಡ್ಡಹಬ್ಬ ಅಂತಲೇ ಕರೆಯುವುದು. ಮೊನ್ನೆಯಷ್ಟೇ ಭೂಮಿ ಹುಣ್ಣಿಮೆ ಮುಗಿಯಿತು. ಹೊಡೆ ತುಂಬಿದ ಗದ್ದೆಗೆ, ಬಸುರಿಗೆ ಬಡಿಸುವ ಹಾಗೆ, ಬಯಕೆ ಬಡಿಸಿ ಬಂದೆವು. ಇನ್ನು ಹತ್ತು ದಿನ. ಅಕ್ಟೋಬರ್ 20ರ ಸೋಮವಾರ ಬೂರೆ ಹಬ್ಬ, ಅಂದರೆ ನರಕ ಚತುರ್ದಶಿ, 22ರ ಬುಧವಾರ ಪಾಡ್ಯ, ಗೋಪೂಜೆ. ಅಷ್ಟರಲ್ಲಿ ಈ ಮನೆಯಲ್ಲಿ 19 ಜನ ಇರುತ್ತಾರೆ. ಇವತ್ತು ಇರುವುದು ಮೂರು ಜನ. ಅತ್ತೆ, ಇವರು, ನಾನು.

ಯಾರ್ಯಾರು ಬರುತ್ತಾರೆ ಅಂತ ಅತ್ತೆ ದಿನಕ್ಕೊಂದು ಸಲ ಬೆರಳು ಮಡಚಿ ಎಣಿಸುತ್ತಾರೆ. ಭಾವ, ಅಕ್ಕ, ಅವರ ಇಬ್ಬರು ಮಕ್ಕಳು. ನಾದಿನಿ ಮಸ್ಕತ್‌ನಿಂದ ಇಬ್ಬರು ಮಕ್ಕಳ ಜೊತೆ ಮಂಗಳೂರಿಗೆ ಇಳಿದು, ಕೊಲ್ಲೂರು, ನಾಗೋಡಿ ಘಾಟಿ ಮೇಲೆ ಬರುತ್ತಾಳೆ. ಅವಳ ಯಜಮಾನರಿಗೆ ರಜೆ ಸಿಕ್ಕಿಲ್ಲ. ಪುಣೆಯಿಂದ ಮೈದುನನ ಮನೆಯವರು ಮೂರು ಜನ. ಭದ್ರಾವತಿ ಕಡೆಯಿಂದ ಚಿಕ್ಕಮಾವನ ಮನೆಯವರು ಐದು ಜನ. ನಮ್ಮ ಪುಟ್ಟಿ ಬೆಂಗಳೂರಿಂದ ರಾತ್ರಿ ರೈಲಿಗೆ. ಭಾವನ ಕಾರಿನಲ್ಲಿ ನಾಲ್ಕು ಜನರ ಪೆಟ್ಟಿಗೆಗಳೇ ತುಂಬಿರುತ್ತವೆ, ಅವಳಿಗೆ ಜಾಗವಿಲ್ಲ.

ಪುಟ್ಟಿಯ ಟಿಕೆಟ್ಟಿನದೇ ಒಂದು ಕತೆ. ಮೊದಲೆಲ್ಲ ರೈಲಿಗೆ ನಾಲ್ಕು ತಿಂಗಳು ಮುಂಚೆ ಬುಕ್ ಮಾಡಬಹುದಿತ್ತು. 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಆಗಸ್ಟ್ 19ರ ಬೆಳಗ್ಗೆ ಎಂಟಕ್ಕೆ ಮುಂಚೆಯೇ ಅವಳು ಫೋನ್ ಹಿಡಿದು ಕೂತಿದ್ದಳಂತೆ. ತಾಳಗುಪ್ಪ ರೈಲು. ಹಬ್ಬದ ಶನಿವಾರ ಬೇರೆ. ಒಂದು ಬರ್ತ್ ಸಿಕ್ಕಿದೆ ಅಂತ ಕೂಗಿಕೊಂಡು ಫೋನ್ ಮಾಡಿದಳು. ಆವತ್ತು ಇಲ್ಲಿ ಮಳೆ ಹೊಡೆಯುತ್ತಿತ್ತು. ಅವಳ ಮಾತು ಅರ್ಧ ಕೇಳಿಸಲಿಲ್ಲ, ಖುಷಿ ಮಾತ್ರ ಪೂರ್ತಿ ಕೇಳಿಸಿತು. ಭಾನುವಾರ ಬೆಳಗ್ಗೆ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಇವರು ಬೈಕಿನಲ್ಲಿ ಹೋಗಿ ಕರೆತರುತ್ತಾರೆ. ಲಾಂಚಿನ ಟೈಮ್ ನೋಡಿಕೊಂಡು ಹೊರಡಬೇಕಾಗಿಲ್ಲ.

ಮನೆಯವರು ಹೀಗೆ ದಿಕ್ಕಿಗೊಬ್ಬರಾದದ್ದು ಯಾವಾಗಿನಿಂದ ಅಂತ ಕೇಳಿದರೆ ಹೆಚ್ಚಿನವರು ಇಂಜಿನಿಯರಿಂಗ್, ಬೆಂಗಳೂರು, ಅಮೆರಿಕ ಅಂತ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮಲ್ಲಿ ಅದು ಶುರುವಾದದ್ದು ನೀರು ಬಂದಾಗ.

ಹಳೆಯ ಮನೆ ಈಗ ಹಿನ್ನೀರಿನ ಅಡಿಯಲ್ಲಿದೆ. ಅಜ್ಜನೂ ಸೇರಿ ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಬೇಯಿಸಿ ತಿಂದ ಮನೆ. ತೋಟ, ಗದ್ದೆ, ಬಾವಿ ಎಲ್ಲ ಅಲ್ಲೇ. ನೀರು ಬರುತ್ತದೆ ಅಂತ ಗೊತ್ತಾದಾಗ ಮನೆ ಬಿಚ್ಚಿದರು. ಕಂಬ, ತೊಲೆ, ಬಾಗಿಲುಗಳನ್ನು ಗಾಡಿಯಲ್ಲಿ ಗುಡ್ಡ ಹತ್ತಿಸಿದರು. ಅಜ್ಜನಿಗೆ ಗುಡ್ಡದ ಮೇಲೆ ಒಂದಿಷ್ಟು ಜಾಗ ಇತ್ತು, ಇಲ್ಲೇ ಉಳಿದರು. ಉಳಿದ ಮೂವರು ಲಾರಿ ಹತ್ತಿದರು. ಒಬ್ಬರು ಭದ್ರಾವತಿ ಕಡೆ, ಒಬ್ಬರು ಶಿವಮೊಗ್ಗದ ಹತ್ತಿರ, ಒಬ್ಬರು ಶಿಕಾರಿಪುರದ ಕಡೆ. ಎಲ್ಲಿ ಜಾಗ ತೋರಿಸಿದರೋ ಅಲ್ಲಿ. ಆಗ ಹೋದ ಎಷ್ಟೋ ಮನೆಯವರಿಗೆ ಕೊಟ್ಟ ಜಮೀನಿನ ಕಾಗದಪತ್ರ ಇವತ್ತಿಗೂ ಸರಿಯಾಗಿಲ್ಲ. ನಾಡಿಗೆ ಕರೆಂಟ್ ಕೊಟ್ಟ ನೀರಿಗೆ ಮನೆ ಬಿಟ್ಟುಕೊಟ್ಟವರು ಅವರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಲಾರಿ ಹೊರಡುವ ದಿನ ನಾಲ್ವರೂ ಒಂದು ಮಾತು ಮಾಡಿಕೊಂಡರಂತೆ. ಬಲೀಂದ್ರನ ತಂಬಿಗೆ ಒಂದೇ ಇರೋದು. ಅದು ಹಿರಿಯವನ ಮನೆಯಲ್ಲಿರಲಿ. ದೊಡ್ಡಹಬ್ಬಕ್ಕೆ ಎಲ್ಲಿದ್ದರೂ ಅಲ್ಲಿಗೇ ಬರೋಣ.

ಆ ತಾಮ್ರದ ತಂಬಿಗೆ ನಮ್ಮ ದೇವರ ಕೋಣೆಯಲ್ಲಿದೆ. ಕಂಠದ ಹತ್ತಿರ ಒಂದು ಕಡೆ ನೆಗ್ಗಿದೆ. ಗುಡ್ಡ ಹತ್ತುವಾಗ ಗಾಡಿಯಿಂದ ಬಿದ್ದದ್ದು ಅಂತ ಅತ್ತೆಯ ಅತ್ತೆ ಹೇಳುತ್ತಿದ್ದರಂತೆ. ಬೂರೆ ಹಬ್ಬದ ಬೆಳಗಿನ ಜಾವ ಅದರಲ್ಲಿ ಬಾವಿಯ ಹೊಸ ನೀರು ತುಂಬಿ, ಅಡಿಕೆ ಹಿಂಗಾರ ಇಟ್ಟು ಬಲೀಂದ್ರನನ್ನು ಕೂರಿಸುತ್ತೇವೆ. ನಾನು ಪ್ರತಿ ವರ್ಷ ಹುಣಸೆಹಣ್ಣು ಹಾಕಿ ತಿಕ್ಕುವಾಗ ನನ್ನ ಹೆಬ್ಬೆರಳು ಸರಿಯಾಗಿ ಆ ನೆಗ್ಗಿದ ಜಾಗದಲ್ಲಿ ಕೂರುತ್ತದೆ. ನನಗಿಂತ ಮುಂಚೆ ಎಷ್ಟು ಹೆಬ್ಬೆರಳು ಅಲ್ಲಿ ಕೂತಿದ್ದವೋ.

"ಬಲೀಂದ್ರನಿಗೂ ಮೂರೇ ದಿನ ಕಣೆ," ಅನ್ನುತ್ತಾರೆ ಅತ್ತೆ. "ಅವನೂ ವರ್ಷಕ್ಕೊಂದು ಸಲ ತನ್ನವರನ್ನ ನೋಡೋಕೆ ಬಂದು ಹೋಗೋನೇ." ಈ ಮಾತನ್ನು ಅವರು ಪ್ರತಿ ಸಲ ಹೇಳುವುದು ಯಾರಾದರೂ ಈ ವರ್ಷ ಬರೋಕೆ ಆಗಲ್ಲ ಅಂತ ಫೋನ್ ಮಾಡಿದಾಗ. ಭಾವ ದೊಡ್ಡಹಬ್ಬಕ್ಕೆ ಮನೆಯಲ್ಲಿದ್ದು 14 ವರ್ಷ ಆಯಿತು. ಅಲ್ಲಿ ಅಕ್ಟೋಬರ್ ಅಂದರೆ ಶಾಲೆ ನಡೆಯುವ ಕಾಲ. ಬೇಸಿಗೆ ರಜೆಗೆ ಬಂದರೆ ಇಲ್ಲಿ ಜಡಿಮಳೆ. ಮಕ್ಕಳು ಕೊನೆಯ ಸಲ ಬಂದದ್ದು 2019ರಲ್ಲಿ. ಆಮೇಲೆ ಕೊರೊನಾ, ಆಮೇಲೆ ಏನೇನೋ. ಈ ಸಲ ಎರಡು ವಾರ ಶಾಲೆ ಬಿಡಿಸಿ ಕರೆತರುತ್ತಿದ್ದಾರೆ.

ಅದೂ ತಪ್ಪಿಹೋಗುವುದರಲ್ಲಿತ್ತು. ಸೆಪ್ಟೆಂಬರ್ 20, ಶನಿವಾರ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಭಾವನ ಫೋನ್. ನನಗೆ ನೇರವಾಗಿ ಮಾಡುವುದು ಕಡಿಮೆ, ಅತ್ತೆಗೇ ಮಾಡುವುದು. "ಅಮ್ಮನಿಗೆ ಹೇಳ್ಬೇಡ. ಹೊಸ ರೂಲ್ ಬಂದಿದೆ. ಎಚ್-1ಬಿ ವೀಸಾಗೆ, ನಮ್ಮ ಕೆಲಸದ ವೀಸಾಗೆ, ಒಂದು ಲಕ್ಷ ಡಾಲರ್ ಅಂತೆ. ಹೊರಗೆ ಹೋದವರು ಭಾನುವಾರದೊಳಗೆ ವಾಪಸ್ ಬನ್ನಿ ಅಂತ ಕಂಪನಿಗಳು ಮೇಲ್ ಹಾಕ್ತಿವೆ. ಈಗ ದೇಶ ಬಿಟ್ಟು ಬಂದ್ರೆ ತಿರುಗಿ ಒಳಗೆ ಬಿಡ್ತಾರೋ ಇಲ್ಲವೋ ಗೊತ್ತಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ಬೇಕಾಗತ್ತೇನೋ."

ಕಾವಲಿಯ ಮೇಲಿನ ದೋಸೆ ಕರಟಿತು. ನಾನು ಏನು ಹೇಳಲಿ? ಯೋಚನೆ ಮಾಡಿ ಭಾವ, ಅವಸರ ಮಾಡಬೇಡಿ ಅಂದೆ. ಆವತ್ತಿಡೀ ಅತ್ತೆಯ ಮುಖ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಅವರು ಅಟ್ಟದಿಂದ ಮೊಮ್ಮಗಳಿಗೆ ಅಂತ ಎತ್ತಿಟ್ಟಿದ್ದ ಸಣ್ಣ ಪಂಚವಾಳಿ ಸೀರೆ ತೆಗೆದು ಬಿಸಿಲಿಗೆ ಹಾಕುತ್ತಿದ್ದರು.

ಮಾರನೇ ದಿನ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟು ಹೊರಗೆ ಬಂದು ಫೋನ್ ನೋಡಿದರೆ ಭಾವನ ಮೆಸೇಜ್. ಆ ದುಡ್ಡು ಹೊಸದಾಗಿ ಅರ್ಜಿ ಹಾಕುವವರಿಗೆ ಮಾತ್ರವಂತೆ. ಈಗಾಗಲೇ ವೀಸಾ ಇರುವವರು ಹೋಗಿ ಬರಬಹುದು ಅಂತ ಅಲ್ಲಿನ ಸರ್ಕಾರವೇ ಹೇಳಿದೆಯಂತೆ. ಎರಡು ದಿನ ಕಾದು, ವಕೀಲರನ್ನು ಕೇಳಿ, "ಬರ್ತಿದ್ದೀವಿ" ಅಂತ ಒಂದೇ ಪದ ಕಳಿಸಿದರು. ಅತ್ತೆಗೆ ಇವತ್ತಿಗೂ ಈ ವಿಷಯ ಗೊತ್ತಿಲ್ಲ. ಅವರು ಬ್ಲಾಗ್ ಓದುವುದಿಲ್ಲ. ಮಗ ಎದುರಿಗೆ ಕೂತು ಹೋಳಿಗೆ ತಿನ್ನುವಾಗ ಅವನೇ ಹೇಳಲಿ.

ಹದಿನೇಳು ವರ್ಷ ಒಂದು ದೇಶದಲ್ಲಿ ದುಡಿದು, ತೆರಿಗೆ ಕಟ್ಟಿ, ಅಲ್ಲೇ ಮಕ್ಕಳನ್ನು ಹೆತ್ತವರು. ಅಮ್ಮನ ಮನೆಗೆ ಹಬ್ಬಕ್ಕೆ ಹೋಗಿಬರಲೋ ಬೇಡವೋ ಅಂತ ಅವರು ವಕೀಲರನ್ನು ಕೇಳಬೇಕಾದ ಪರಿಸ್ಥಿತಿ. ಲಾರಿ ಹತ್ತಿದ ಆ ಮೂವರು ಅಜ್ಜಂದಿರು ನನಗೆ ಆವತ್ತು ಬಹಳ ನೆನಪಾದರು.

ಲಾಂಚಿನ ಬಗ್ಗೆ ನನಗೆ ಯಾವ ಭಾವನೆ ಇದೆ ಅಂತ ಈಚೆಗೆ ಬಹಳ ಜನ ಕೇಳುತ್ತಾರೆ. ಸಿಗಂದೂರಿಗೆ ಬಂದವರು, ಫೋಟೋ ತೆಗೆಯುವವರು, "ಅಯ್ಯೋ ಲಾಂಚ್ ಎಷ್ಟು ಚೆಂದ ಇತ್ತಲ್ವಾ" ಅನ್ನುತ್ತಾರೆ. ಚೆಂದವೇ ಇತ್ತು. ಬಸ್ಸು, ಜೀಪು, ಬೈಕು, ಬುಟ್ಟಿ, ಕೋಳಿ, ಮದುಮಗಳು, ಎಲ್ಲರೂ ಒಂದೇ ಹಲಗೆಯ ಮೇಲೆ. ಮಳೆಗಾಲ ಮುಗಿದು ಹಿನ್ನೀರು ತುಂಬಿದಾಗ ನಡುನೀರಿನಲ್ಲಿ ನಿಂತರೆ ಸುತ್ತಲೂ ಗುಡ್ಡಗಳೇ. ಬೇಸಿಗೆಯ ಕೊನೆಗೆ ನೀರು ತೀರಾ ಇಳಿದಾಗ ವಾಹನ ಹತ್ತಿಸುತ್ತಿರಲಿಲ್ಲ. ಆಗ ಗಂಟುಮೂಟೆ ಹೊತ್ತು ಕೆಸರಿನಲ್ಲಿ ಇಳಿದು ಹತ್ತಬೇಕು.

ಆದರೆ 2009ರ ಆಷಾಢದಲ್ಲಿ ಮಾವನಿಗೆ ರಾತ್ರಿ ಒಂಬತ್ತಕ್ಕೆ ಎದೆನೋವು ಬಂತು. ಗಾಳಿ, ಮಳೆ. ನೀರಿಗೆ ಏನನ್ನೂ ಇಳಿಸುವ ಹಾಗಿರಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಕಾರ್ಗಲ್ ದಾರಿ ಹಿಡಿದೆವು. ಎರಡು ಕಡೆ ಮರ ಬಿದ್ದಿತ್ತು. ಕಡಿದು ದಾರಿ ಮಾಡಿಕೊಂಡು ಹೋಗಬೇಕು. ಮಾವನ ತಲೆ ನನ್ನ ತೊಡೆಯ ಮೇಲಿತ್ತು. ಕಾರ್ಗಲ್ ಇನ್ನೂ ದೂರ ಇರುವಾಗಲೇ ಅವರು ಹೋದರು. ಅದಕ್ಕೇ, ಸೇತುವೆ ಆಗಿದ್ದು ಒಳ್ಳೆಯದಾಯಿತು ಅಂತ ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಉದ್ಘಾಟನೆಯ ಮಾರನೇ ದಿನ ಇವರ ಬೈಕಿನ ಹಿಂದೆ ಕೂತು ದಾಟಿದೆ. ದಾಟುವಷ್ಟೂ ಹೊತ್ತು ಅಳುತ್ತಿದ್ದೆ. ಇವರೂ ಮಾತಾಡಲಿಲ್ಲ.

ಅತ್ತೆ ಮಾತ್ರ ಇನ್ನೂ ದಾಟಿಲ್ಲ. ಮೂರು ತಿಂಗಳಾಗುತ್ತಾ ಬಂತು. ಸಾಗರಕ್ಕೆ ಕಣ್ಣು ತೋರಿಸೋಕೆ ಹೋಗೋಣ ಅಂದರೂ "ಆಮೇಲೆ ನೋಡಣ" ಅಂತಾರೆ. ಬಹಳ ಒತ್ತಾಯ ಮಾಡಿದಾಗ ಒಂದು ದಿನ ಹೇಳಿದರು. "ಎಲ್ರೂ ಬರ್ಲಿ. ಮೂರೂ ಗಂಡುಮಕ್ಕಳು, ಮಗಳು, ಎಲ್ರೂ ಇದ್ದಾಗ ಒಟ್ಟಿಗೇ ನಡ್ಕೊಂಡು ದಾಟಣ. ನಿಮ್ಮ ಮಾವ ಇದ್ದಿದ್ರೆ ಹಾಗೇ ಮಾಡ್ತಿದ್ರು." ಹಾಗಾಗಿ ಪಾಡ್ಯದ ಮಾರನೇ ದಿನ, ಗುರುವಾರ ಬೆಳಗ್ಗೆ, ಅತ್ತೆಯನ್ನು ಸೇತುವೆ ದಾಟಿಸುವುದು ಅಂತ ತೀರ್ಮಾನವಾಗಿದೆ. 74 ವರ್ಷ, ಮಂಡಿನೋವು. 2.44 ಕಿಲೋಮೀಟರ್ ನಡೆಯುತ್ತಾರಾ? ನಡೆಯುತ್ತಾರೆ. ಹಿಂದೆ ಒಂದು ಕಾರು ಮೆಲ್ಲಗೆ ಬರುತ್ತಿರಲಿ ಅಂತ ಮಾಡಿದ್ದೇವೆ. ಅದನ್ನೂ ಅವರಿಗೆ ಹೇಳಿಲ್ಲ.

ಈಗ ಮನೆಯ ಕೆಲಸದ ವಿಷಯ.

ಮಳೆಗಾಲ ಕಳೆದ ಮಲೆನಾಡಿನ ಮನೆಯಲ್ಲಿ 19 ಜನರಿಗೆ ಹಾಸಿಗೆ ಹೊಂದಿಸುವುದು ಅಂದರೆ ಸುಮ್ನೆ ಮಾತಲ್ಲ. ಅಟ್ಟದ ಮೇಲಿನ ಹಾಸಿಗೆ, ಕಂಬಳಿ, ದಿಂಬು ಎಲ್ಲದಕ್ಕೂ ಮುಗ್ಗಲು ವಾಸನೆ. ನಾಲ್ಕು ದಿನದಿಂದ ಬಿಸಿಲು ಬಿದ್ದಿದೆ. ಬೆಳಗ್ಗೆ ಇಬ್ಬನಿ ಆರುತ್ತಲೇ ಒಂದೊಂದಾಗಿ ಅಂಗಳಕ್ಕೆ ಇಳಿಸುತ್ತೇನೆ. ಕೋಲಿನಿಂದ ಬಡಿದರೆ ಹತ್ತಿಯ ಧೂಳು ಬಿಸಿಲಿನಲ್ಲಿ ನಿಧಾನಕ್ಕೆ ಮೇಲೇಳುತ್ತದೆ. ಮಧ್ಯಾಹ್ನ ಮಗುಚಿ ಹಾಕಬೇಕು. ಸಂಜೆ ಮೂರಕ್ಕೆ ಎತ್ತಿಬಿಡಬೇಕು, ಮಂಜು ಬಿದ್ದರೆ ಮತ್ತೆ ಮೊದಲಿನ ಕತೆಯೇ. ಎತ್ತುವಾಗ ಹಾಸಿಗೆ ಬೆಚ್ಚಗಿರುತ್ತದೆ. ನಿನ್ನೆ ಒಂದು ಹಳೇ ಕಂಬಳಿ ಮಡಚುವಾಗ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಕಂಡಿತು. ಭಾವ, ಇವರು, ಮೈದುನ ಮೂವರೂ ಚಿಕ್ಕವರಿದ್ದಾಗ ಒಂದೇ ಕಂಬಳಿ ಎಳೆದಾಡಿ ಹರಿದದ್ದಂತೆ. ಮಾವನೇ ಹೊಲಿದದ್ದು. ಹೆಂಗಸರ ಹೊಲಿಗೆ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಗೋಣಿಚೀಲ ಹೊಲಿದ ಹಾಗೆ ದಪ್ಪ ದಪ್ಪ. ಅದನ್ನು ಭಾವನ ಮಗನ ಹಾಸಿಗೆಯ ಮೇಲೆ ಇಡಬೇಕು ಅಂತ ಬೇರೆ ಎತ್ತಿಟ್ಟಿದ್ದೇನೆ.

ಮನೆಗೆ ಶೇಡಿ, ಅಂದರೆ ಬಿಳಿ ಮಣ್ಣು, ಬಳಿದಾಯಿತು. ಅಡಿಕೆ ಕೊಯ್ಲು ಹಬ್ಬ ಮುಗಿದ ಮೇಲೆ ಶುರು. ಹಾಗಾಗಿ ಅಂಗಳ ಸದ್ಯಕ್ಕೆ ಮಕ್ಕಳಿಗೆ ಓಡಾಡೋಕೆ ಖಾಲಿ ಇದೆ. ತೊಡೆದೇವು ಅನ್ನುವ ಸಿಹಿ ಮಾಡೋಕೆ ಗಡಿಗೆ ತೆಗೆದಿಟ್ಟಾಯಿತು. ಚೀನಿಕಾಯಿ, ಅಂದರೆ ಸಿಹಿಗುಂಬಳ, ಬಳ್ಳಿಯಲ್ಲೇ ಇದೆ.

ಇಲ್ಲಿ ಅತ್ತೆ ನನಗೆ ಕಲಿಸಿದ ಒಂದು ವಿಷಯ ಹೇಳಬೇಕು. ನಾನು ಈ ಮನೆಗೆ ಬಂದ ಮೊದಲ ದೊಡ್ಡಹಬ್ಬ. ಎಲ್ಲರೂ ಮೆಚ್ಚಬೇಕು ಅಂತ ಬರುವವರಿಗಿಂತ ಮುಂಚೆ ಎಲ್ಲಾ ಕೆಲಸ ಮುಗಿಸಿಟ್ಟಿದ್ದೆ. ದನದ ಸರ ಕಟ್ಟಿ, ಹಂಡೆ ತೊಳೆದು, ಬತ್ತಿ ಹೊಸೆದು, ಕಾಯಿ ಸುಲಿದು. ಅತ್ತೆ ನೋಡಿದರು, ಬೈಯಲಿಲ್ಲ. "ಚೆನ್ನಾಗಿ ಮಾಡಿದೀಯ. ಆದ್ರೆ ಎಲ್ಲಾ ಮುಗಿಸಿಟ್ಟರೆ ಬರೋರು ನೆಂಟರಾಗಿಬಿಡ್ತಾರೆ. ಅವರಿಗೂ ಒಂದಿಷ್ಟು ಉಳಿಸು," ಅಂದರು. ಆವತ್ತು ನಾದಿನಿ ಬಂದವಳೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸುಮ್ಮನೆ ಓಡಾಡಿದ್ದು ನನಗೆ ನೆನಪಿದೆ. ಹುಟ್ಟಿದ ಮನೆಯಲ್ಲಿ ಅವಳ ಕೈಗೆ ಕೆಲಸವಿರಲಿಲ್ಲ. ಮಧ್ಯಾಹ್ನ ಅವಳು ತೊಳೆದ ಹಂಡೆಯನ್ನೇ ಮತ್ತೆ ತೊಳೆದಳು.

ಆಮೇಲಿನಿಂದ ನಾನು ಉಳಿಸುತ್ತೇನೆ. ಯಾರಿಗೆ ಏನು ಅಂತ ನೋಡಿ ಉಳಿಸುತ್ತೇನೆ. ನಾದಿನಿಗೆ ಹಂಡೆ. ಅದಕ್ಕೆ ಶೇಡಿಯ ಪಟ್ಟೆ ಎಳೆದು ಹಿಂಡಲೆಕಾಯಿ ಬಳ್ಳಿ ಸುತ್ತುವುದು ಅವಳ ಕೆಲಸ, ಬೇರೆಯವರು ಮುಟ್ಟುವ ಹಾಗಿಲ್ಲ. ಮೈದುನನಿಗೆ ಬೂರೆಗಳವು. ಬೂರೆ ರಾತ್ರಿ ಊರಿನ ಹುಡುಗರು ತೋಟದಿಂದ ಎಳನೀರು, ಸೌತೆಕಾಯಿ ಕದಿಯುವುದು ನಮ್ಮಲ್ಲಿ ರೂಢಿ, ಯಾರೂ ಸಿಟ್ಟಾಗುವುದಿಲ್ಲ. ನಲವತ್ತು ದಾಟಿದರೂ ಅವನು ಹೋಗುತ್ತಾನೆ. ಈ ಸಲ ಭಾವನ ಮಗನನ್ನೂ ಕರೆದುಕೊಂಡು ಹೋಗುತ್ತಾನಂತೆ. ಹುಡುಗನಿಗೆ 15. ಕತ್ತಲಲ್ಲಿ ಚಿಕ್ಕಪ್ಪನ ಜೊತೆ ಬೇರೆಯವರ ತೋಟಕ್ಕೆ ನುಗ್ಗಿದ ಹುಡುಗ ಆ ಊರನ್ನು ಮರೆಯುವುದುಂಟಾ?

ಭಾವನ ಮಗಳು ಮಿನ್ನುಗೆ ದನದ ಸರ ಉಳಿಸಿದ್ದೇನೆ. ಅವಳಿಗೆ 11. ವಿಡಿಯೋ ಕಾಲಿನಲ್ಲಿ ಎಲ್ಲಾ ವಿಚಾರಿಸಿಕೊಳ್ಳುತ್ತಾಳೆ. "ಚಿಕ್ಕಮ್ಮ, ಎಷ್ಟು ಹಸು ಇದೆ? ಎಲ್ಲದಕ್ಕೂ ಹೆಸರು ಇದೆಯಾ?" ಮೊದಲು 14 ದನ ಇದ್ದ ಕೊಟ್ಟಿಗೆಯಲ್ಲಿ ಈಗ ಎರಡು ಹಸು, ಒಂದು ಎಮ್ಮೆ, ಒಂದು ಕರು. ಟಿಲ್ಲರಿಗೂ ಒಂದು ಸರ ಹಾಕುತ್ತೇವೆ. ಒಟ್ಟು ಐದು. ಅಡಿಕೆ ತೂತು ಮಾಡಿ, ಬಾಳೆನಾರು ನೆನೆಸಿ, ನಡುವೆ ಚೆಂಡುಹೂವು, ಪಚ್ಚೆತೆನೆ ಸೇರಿಸಿ ಪೋಣಿಸಬೇಕು. ಸಿದ್ಧಮಾಡಿದ ಅಡಿಕೆಯನ್ನು ಒಂದು ಬುಟ್ಟಿಯಲ್ಲಿ ಹಾಕಿ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೇನೆ. ಪಾಡ್ಯದ ದಿನ ಲೋಟದ ಬಾಯಿಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಹಸುವಿನ ಮೈಮೇಲೆ ಗುಂಡಗೆ ಮುದ್ರೆ ಒತ್ತುವುದೂ ಅವಳದೇ. ಕರುವಿಗೆ ಹೆಸರಿಟ್ಟಿಲ್ಲ. ಅದನ್ನೂ ಅವಳಿಗೇ ಉಳಿಸಿದ್ದು.

ಮಿನ್ನುಗೆ ಐದು ವರ್ಷವಿದ್ದಾಗ ಬಂದದ್ದು ಪೂರ್ತಿ ಮರೆತುಹೋಗಿದೆ. ಒಂದು ಬಿಟ್ಟು. "ನಂಗೆ ಲಾಂಚ್ ಸೌಂಡ್ ನೆನಪಿದೆ ಚಿಕ್ಕಮ್ಮ. ಅಪ್ಪ ಎತ್ಕೊಂಡಿದ್ರು, ನಂಗೆ ಇಲ್ಲಿ ಡುಗುಡುಗು ಅಂತಿತ್ತು," ಅಂತ ಎದೆ ಮುಟ್ಟಿ ತೋರಿಸಿದಳು. ಈ ಸಲ ಲಾಂಚಿಲ್ಲ, ಸೇತುವೆ ಇದೆ ಅಂದಾಗ ಅವಳ ಮುಖ ಸಣ್ಣದಾಯಿತು. ಹಸಿರುಮಕ್ಕಿ ಕಡೆ ಇನ್ನೂ ಲಾಂಚ್ ಇದೆ, ಒಂದು ದಿನ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೇನೆ. ಸೇತುವೆ ಬಂದದ್ದು ಯಾಕೆ ಅಂತಲೂ ಹೇಳಬೇಕು. ಅವಳ ಅಜ್ಜನ ಕತೆ ಹೇಳಬೇಕು. ಹನ್ನೊಂದು ವರ್ಷದವಳಿಗೆ ಅರ್ಥವಾಗುತ್ತದೆ.

ನನಗೆ ಒಳಗೊಳಗೇ ಒಂದು ಚಿಂತೆ ಇದೆ, ಅದನ್ನೂ ಬರೆದುಬಿಡುತ್ತೇನೆ. ಲಾಂಚ್ ಇದ್ದಾಗ ಸಂಜೆಯ ಹೊತ್ತಿಗೆ ಹೊರಡುವ ಮಾತು ನಿಂತುಹೋಗುತ್ತಿತ್ತು. ಬಂದವರು ಬಂದರು, ಇನ್ನು ಬೆಳಗಿನವರೆಗೆ ಎಲ್ಲಿಗೂ ಹೋಗುವ ಹಾಗಿಲ್ಲ. ಆಗ ಎಲ್ಲರ ಮೈ ಸಡಿಲವಾಗುತ್ತಿತ್ತು. ಪ್ಯಾಂಟು ಹೋಗಿ ಪಂಚೆ ಬರುತ್ತಿತ್ತು. ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಸುತ್ತುತ್ತಿತ್ತು. ಊಟ ಆದ ಮೇಲೆ ಸಾಲಾಗಿ ಹಾಸಿಗೆ ಹಾಸಿ ಮಲಗಿಕೊಂಡು ಕತ್ತಲಲ್ಲಿ ಆಡಿದ ಮಾತೇ ಈ ಕುಟುಂಬವನ್ನು ಇಷ್ಟು ವರ್ಷ ಕಟ್ಟಿಹಾಕಿದ್ದು. ಹಗಲು ಆಡಲಾಗದ ಮಾತುಗಳು ಅವು. ಆಸ್ತಿಯ ಬಗ್ಗೆ ಇದ್ದ ಬೇಜಾರು, ಹೋದವರ ನೆನಪು, ಯಾರಿಗೋ ಬಂದ ಕಾಯಿಲೆ.

ಈಗ ಭದ್ರಾವತಿ ಚಿಕ್ಕಮಾವನ ಮಗ ಫೋನ್ ಮಾಡಿ, "ಅತ್ತಿಗೆ, ಈ ಸಲ ನಿಮಗೆ ತೊಂದರೆ ಇಲ್ಲ. ಪೂಜೆ ಊಟ ಮುಗಿಸಿ ರಾತ್ರಿನೇ ಹೊರಟುಬಿಡ್ತೀವಿ. ಹೆಂಗೂ ಸೇತುವೆ ಇದೆಯಲ್ಲ," ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಗಂಟಲು ಕಟ್ಟಿತು. ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡಿಕೊಂಡು ನಮ್ಮ ಮನೆಗೆ ಬರುವುದೇ ರಾತ್ರಿ ಹನ್ನೊಂದರ ಮೇಲೆ. ಅವರ ದೀಪಕ್ಕೆ ಎಣ್ಣೆ ಎರೆದು, ಅವರಿಗೆ ಹೋಳಿಗೆ ಕೊಟ್ಟು, ಪದ ಕೇಳಿ ಮಲಗುವಾಗ ಒಂದು ಗಂಟೆ. ಅದನ್ನು ಬಿಟ್ಟು ಹೋದರೆ ಹಬ್ಬಕ್ಕೆ ಬಂದ ಹಾಗಾಯಿತಾ?

"ತೊಂದರೆ ಯಾವತ್ತಿತ್ತು ಹೇಳಪ್ಪ? ನಿಮ್ಮ ಐದು ಜನರ ಹಾಸಿಗೆ ಆಗಲೇ ಬಿಸಿಲಿಗೆ ಹಾಕಿ ಆಯ್ತು," ಅಂದೆ. ಅವನು ಒಂದು ಗಳಿಗೆ ಸುಮ್ಮನಿದ್ದ. "ಹೌದಾ? ಹಂಗಾದ್ರೆ ಉಳೀತೀವಿ ಬಿಡಿ," ಅಂದ. ಆ ಐದು ಹಾಸಿಗೆ ಇನ್ನೂ ಅಟ್ಟದ ಮೇಲೇ ಇದ್ದವು. ಫೋನ್ ಇಟ್ಟವಳೇ ಏಣಿ ಹತ್ತಿ ಇಳಿಸಿದೆ.

ಅತ್ತೆ ಇವತ್ತು ಮಧ್ಯಾಹ್ನ ಮಾವನ ಉದ್ದನೆಯ ಟಾರ್ಚ್ ಹುಡುಕಿ ತೆಗೆದರು. ಸ್ಟೀಲಿನದು, ಮೂರು ಸೆಲ್ಲಿನದು. ಕೊನೆಯ ಲಾಂಚ್ ಬರುವ ಹೊತ್ತಿಗೆ ಮಾವ ಅದನ್ನು ಹಿಡಿದು ದಡದಲ್ಲಿ ನಿಲ್ಲುತ್ತಿದ್ದರು. ನಸುಗತ್ತಲಲ್ಲಿ ಅಡ್ಡಡ್ಡ ಬೀಸುತ್ತಿದ್ದರು. ಹಾಸ್ಟೆಲಿನಿಂದ ಬರುವ ಮಕ್ಕಳಿಗೆ ನಡುನೀರಿನಿಂದಲೇ ಕಾಣಬೇಕು, ಅಪ್ಪ ಬಂದಿದ್ದಾರೆ ಅಂತ. ಅತ್ತೆ ಅದರ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆಲ್ಲ ಬೆಳ್ಳಗೆ ಪುಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಸ್ಪ್ರಿಂಗ್ ಒರೆಸುತ್ತಾ ಕೂತರು.

"ಪೇಟೆಗೆ ಹೋದಾಗ ಸೆಲ್ಲು ತರಕ್ಕೆ ಹೇಳು ಅವನಿಗೆ. ದಪ್ಪಂದು, ಮೂರು."

"ಎಂತಕ್ಕೆ ಅತ್ತೆ? ಭಾವ ಕಾರಲ್ಲಿ ಬರೋದು. ಸೀದಾ ಅಂಗಳಕ್ಕೇ ಬರ್ತಾರೆ."

"ಬರ್ಲಿ. ಸೇತುವೆ ಇಳಿದ ಕೂಡ್ಲೇ ಕಾಣ್ಬೇಕು ಅವನಿಗೆ. ಒಂಬತ್ತೂವರೆಗೆ ನಾವಿಬ್ರೂ ಹೋಗಿ ಅಲ್ಲಿ ನಿಲ್ಲಣ."

ಮಲಗಿರು ಅಂದಿದ್ದ ಮಗನ ಮಾತು ನಾನು ನೆನಪಿಸಲಿಲ್ಲ. ಪೇಟೆಯ ಚೀಟಿಯಲ್ಲಿ ರವೆ, ಬೆಲ್ಲ, ದೀಪದೆಣ್ಣೆಯ ಕೆಳಗೆ "ಸೆಲ್ಲು, ದಪ್ಪಂದು, 3" ಅಂತ ಬರೆದೆ.